ಖಾಲಿ ಬಿಲ್ಲೆಯ ಸುತ್ತ

ನಮ್ಮ ಪ್ರಯೋಗಾಲಯದ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ಭರವಸೆ ಸರ್. ಇಲಿ ಸತ್ತರೂ ಭರವಸೆ ಇದೆ, ಫ್ರಿಜ್ ಕೆಟ್ಟರೂ ಭರವಸೆ ಇದೆ. ಬಾಯಿ ಬಿಟ್ಟರೆ ಅದೇ ಮಾತು. ನಾನೂ ನಗುತ್ತಿದ್ದೆ, ಆ ಮಹಾಶಯ ಅದೇ ಭರವಸೆಯನ್ನು ಸೀಸೆಗೆ ತುಂಬಿ ನನ್ನ ಅಕ್ಕನ ಕೈಗೆ ಕೊಡುವ ತನಕ.

ಅಕ್ಕನಿಗೆ ಸಕ್ಕರೆ ಕಾಯಿಲೆ, ಕಾಲಿನ ಹೆಬ್ಬೆರಳಲ್ಲಿ ವಾಸಿಯಾಗದ ಹುಣ್ಣು. ನಾನು ಮರೆತುಬಂದ ಊಟದ ಡಬ್ಬಿ ತಲುಪಿಸಲು ಬಂದವಳು ಕುಂಟುವುದನ್ನು ಕಂಡು, ನಾವು ಪರೀಕ್ಷಿಸುತ್ತಿದ್ದ ಎಲೆಯ ಸತ್ವವನ್ನು ಸರ್ ಕೊಟ್ಟು ಕಳಿಸಿದ್ದರು. ಅವಳೋ ಡಾಕ್ಟರ ಮಾತ್ರೆ, ಮುಲಾಮು ಎರಡನ್ನೂ ಬದಿಗಿಟ್ಟು ಅದನ್ನೇ ಹಚ್ಚತೊಡಗಿದಳು.

"ನಿಮ್ಮ ಸಾಹೇಬ್ರೇ ಹೇಳಿದಾರೆ ಕಣೇ. ಎಲೆ ತಾನೆ, ಅದೇನು ಮಾಡುತ್ತೆ?"

"ಬೆರಳು ಕಪ್ಪಾಗ್ತಿದೆ! ಕಣ್ಣು ಕಾಣಲ್ವಾ ನಿಂಗೆ?"

"ನಿನ್ ಬಾಯಲ್ಲಿ ಒಳ್ಳೆ ಮಾತು ಯಾವತ್ತು ಬಂದಿದೆ, ಹೋಗೇ."

ಪರೀಕ್ಷೆಯೇನು ಬ್ರಹ್ಮವಿದ್ಯೆಯಲ್ಲ. ಗಾಜಿನ ತಟ್ಟೆಯಲ್ಲಿ ಹುಣ್ಣಿನ ಕ್ರಿಮಿ ಬೆಳೆಸುತ್ತೇವೆ. ಸತ್ವವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಕಾಗದದ ಪುಟ್ಟ ಬಿಲ್ಲೆಗೆ ಹನಿಸಿ, ಸ್ಪಿರಿಟ್ ಪೂರ್ತಿ ಆರಿದ ಮೇಲೆ ಬಿಲ್ಲೆಯನ್ನು ತಟ್ಟೆಯಲ್ಲಿಡುತ್ತೇವೆ. ಸತ್ವದಲ್ಲಿ ಗುಣವಿದ್ದರೆ ಬಿಲ್ಲೆಯ ಸುತ್ತ ಕ್ರಿಮಿ ಬೆಳೆಯದೆ ತಿಳಿಯಾದ ವೃತ್ತ ಮೂಡುತ್ತದೆ. ಬರೀ ಸ್ಪಿರಿಟ್ ಹನಿಸಿದ ಖಾಲಿ ಬಿಲ್ಲೆಯನ್ನೂ ಹೋಲಿಕೆಗೆ ಇಡಬೇಕು. ಸರ್‌ಗೆ ಎಲ್ಲದಕ್ಕೂ ಆತುರ. ಬಿಲ್ಲೆಗಳನ್ನು ಒದ್ದೆಯಲ್ಲೇ ಇಡಿಸುತ್ತಿದ್ದರು, ಖಾಲಿ ಬಿಲ್ಲೆ ದಂಡ ಎಂದು ಅದನ್ನು ಬಿಡಿಸಿಯೇ ಬಿಟ್ಟಿದ್ದರು.

ಅಕ್ಕನ ಬೆರಳು ನೋಡಿ ಬಂದ ದಿನ ನಾನು ಎಲೆಯ ಬಿಲ್ಲೆಯ ಜೊತೆಗೆ ಖಾಲಿ ಬಿಲ್ಲೆಯನ್ನೂ ಒದ್ದೆಯಲ್ಲೇ ಇಟ್ಟೆ. ಎರಡರ ಸುತ್ತಲೂ ಒಂದೇ ಅಳತೆಯ ವೃತ್ತ! ಬಿಲ್ಲೆಗಳನ್ನು ಚೆನ್ನಾಗಿ ಒಣಗಿಸಿ ಮತ್ತೆ ಇಟ್ಟೆ. ಎರಡರ ಸುತ್ತಲೂ ಏನೂ ಇಲ್ಲ. ಕ್ರಿಮಿ ಕೊಂದದ್ದು ಸ್ಪಿರಿಟ್, ಹೆಸರು ಮಾತ್ರ ಎಲೆಗೆ.

ತಟ್ಟೆಗಳನ್ನು ಸರ್ ಮೇಜಿನ ಮೇಲಿಟ್ಟೆ.

"ಇದನ್ನೆಲ್ಲ ಬಿಸಾಕಮ್ಮ," ಅಂದರು. "ನಾಳೆ ಎಲೆ ಔಷಧಿ ತೋರಿಸೋ ಸಭೆ ಇದೆ, ದೊಡ್ಡೋರು ಬರ್ತಾರೆ. ಆಮೇಲೆ ನೋಡೋಣ, ಭರವಸೆ ಇದೆ."

"ಬಿಸಾಕಲ್ಲ ಸಾರ್."

"ಉಂಡ ಮನೆಗೆ ಎರಡು ಬಗೀತೀಯಾ?"

"ದುಡಿದು ಉಂಡಿದೀನಿ. ನಿಮ್ಮ ಮನೆ ಪಂಕ್ತೀಲಿ ಕೂತು ಅಲ್ಲ."

ಮರುದಿನ ಸಭೆಯ ಮೊದಲ ಸಾಲಲ್ಲಿ ಯಾರು? ನನ್ನ ಅಕ್ಕ! ಎಲೆಯಿಂದ ಗುಣವಾಗುತ್ತಿರುವವಳು ಎಂದು ತೋರಿಸಲು ಸರ್ ಕಾರು ಕಳಿಸಿ ಕರೆಸಿದ್ದರು. ಹೊಸ ಸೀರೆ ಉಟ್ಟು, ಕಾಲಿಗೆ ಬಿಳಿ ಬಟ್ಟೆ ಸುತ್ತಿಕೊಂಡು ನಗುತ್ತಾ ಕೂತಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು.

ಸರ್ ಅವಳನ್ನು ಎದ್ದು ನಿಲ್ಲಲು ಹೇಳುವ ಮೊದಲೇ ನಾನು ವೇದಿಕೆ ಹತ್ತಿ ತಟ್ಟೆಗಳನ್ನು ಎತ್ತಿ ಹಿಡಿದೆ. "ಇದು ಎಲೆ. ಇದು ಬರೀ ಸ್ಪಿರಿಟ್. ವ್ಯತ್ಯಾಸ ಏನು ಅಂತ ಯಾರಾದ್ರೂ ಹೇಳಿ, ನಾನು ಈಗಲೇ ಕೆಲಸ ಬಿಡ್ತೀನಿ."

ಮುಂದಿನ ಸಾಲಿನವರು ಕತ್ತು ಚಾಚಿ ತಟ್ಟೆಗಳನ್ನು ನೋಡಿದರು.

"ನೀನೇನು ಬಿಡೋದು, ನಾನೇ ತೆಗೆದೆ," ಅಂದರು ಸರ್. "ನಡಿ ಹೊರಗೆ."

"ಹೋಗ್ತೀನಿ. ನಮ್ಮಕ್ಕನ್ನ ಕರ್ಕೊಂಡೇ ಹೋಗ್ತೀನಿ."

ಹೊರಗೆ ಮೆಟ್ಟಿಲ ಮೇಲೆ ಅಕ್ಕ ನನ್ನ ಕೈಯಿಂದ ಕೊಸರಿಕೊಂಡಳು. "ಅಷ್ಟು ಜನದ ಮುಂದೆ ನನ್ನ ಮಾನ ಕಳೆದೆಯಲ್ಲೇ, ಮಾರಿ!"

"ಮಾನ ಆಮೇಲೆ ಹುಡುಕೋಣ. ಈಗ ಕಾಲು ನೋಡು."

ಬೈಸಿಕೊಳ್ಳುತ್ತಲೇ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಬಟ್ಟೆ ಬಿಚ್ಚಿ ನೋಡಿದರು. "ಬೆರಳು ಉಳಿಯಲ್ಲಮ್ಮ. ಇನ್ನೂ ತಡ ಮಾಡಿದ್ರೆ ಪಾದಾನೇ ತೆಗೀಬೇಕಾಗ್ತಿತ್ತು," ಅಂದರು. ನನಗೆ ಅಳು ಒತ್ತಿ ಬಂತು. ಸಿಟ್ಟಿಗೋ ದುಃಖಕ್ಕೋ, ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಅಕ್ಕ ಬಗ್ಗಿ ತನ್ನ ಬೆರಳನ್ನು ನೋಡಿಕೊಂಡಳು. ಆಮೇಲೆ ನನ್ನ ಸೆರಗು ಹಿಡಿದೆಳೆದಳು.

"ಅಳಬೇಡ್ವೇ. ಆ ಮನುಷ್ಯ ಮುಂದಿನ ಸಭೆ ಎಲ್ಲಿ ಮಾಡ್ತಾನೆ, ವಿಚಾರಿಸಿಡು. ನಾನು ಬರಿಗಾಲಲ್ಲೇ ಬರ್ತೀನಿ. ಎಲ್ರೂ ನೋಡ್ಲಿ."