ಎರಡನೇ ಬಾಗಿಲಿನ ಹಾಡು

"ನಿಲ್ಲಿಸಬೇಡಿ ಲೋಲೊ, ನಿಲ್ಲಿಸಬೇಡಿ!" ಎನ್ನುತ್ತ ದಿವಿನಾ ಸೈಕಲ್ಲನ್ನು ಬೇಲಿಗೆ ಒರಗಿಸಿದಂತೆ ಮಾಡಿ ಬೀಳಲು ಬಿಟ್ಟು, ಬಿದಿರಿನ ಗೇಟು ತಳ್ಳಿ, ಕೋಳಿಗಳನ್ನು ದಿಕ್ಕಾಪಾಲು ಮಾಡಿಕೊಂಡು ಅಂಗಳಕ್ಕೆ ನುಗ್ಗಿದಳು. ಕೈಯಲ್ಲಿದ್ದ ಚೀಲದಿಂದ ಎರಡು ಬನ್ನು ಉರುಳಿ ಬಿದ್ದವು. ಬಗ್ಗಿ ಎತ್ತಿಕೊಳ್ಳುವ ವ್ಯವಧಾನ ಅವಳಿಗಿರಲಿಲ್ಲ. ಕೋಳಿಗಳಿಗಿತ್ತು.

ಬೀದಿಯವರೆಲ್ಲ ಲೋಲೊ, ಅಂದರೆ ಅಜ್ಜ, ಎಂದು ಕರೆಯುವ ಎಸ್ಟೆಂಗ್ ಅಜ್ಜ ಆಗಲೇ ಬಾಯಿ ಮುಚ್ಚಿಯಾಗಿತ್ತು. ಅವನ ಮೊಣಕಾಲುಗಳ ನಡುವೆ ಅರ್ಧ ಕಟ್ಟಿದ ನಕ್ಷತ್ರದ ಗೂಡುದೀಪ. ಮೂರು ಮೂಲೆ ಆಗಿತ್ತು, ಇನ್ನೆರಡು ಬಾಕಿ.

"ಏನು ನಿಲ್ಲಿಸಬಾರದು?"

"ಈಗ ಗುನುಗ್ತಾ ಇದ್ರಲ್ಲ, ಅದು."

"ನಾನೆಲ್ಲಿ ಗುನುಗ್ದೆ? ಸೊಳ್ಳೆ ಇರ್ಬೇಕು."

"ಸೊಳ್ಳೆಗೆ ಅಷ್ಟು ಚೆಂದದ ಗಂಟಲು ಕೊಟ್ಟಿದ್ರೆ ನಾನು ಸೊಳ್ಳೆನೇ ಮದ್ವೆ ಆಗ್ತಿದ್ದೆ," ಎಂದಿತು ಒಳಗಿನಿಂದ ಒಂದು ದನಿ. ಅವನ ಹೆಂಡತಿ ಪಾಸ್ಯಾ.

ದಿವಿನಾಳ ಎದೆ ಹೊಡೆದುಕೊಳ್ಳುತ್ತಿತ್ತು. ಸೈಕಲ್ ತುಳಿದದ್ದಕ್ಕಲ್ಲ. ಬೇಲಿಯ ಆಚೆ ಹೋಗುವಾಗ ಕಿವಿಗೆ ಬಿದ್ದದ್ದು ಇಷ್ಟೇ: ಮೆಟ್ಟಿಲಿಳಿದಂತೆ ಮೂರು ಸ್ವರ, ಬಾಗಿಲು ತಟ್ಟುವ ಸ್ವರಗಳು. ಅವು ಈ ಬೀದಿಯಲ್ಲಿ ಕೂಸುಗಳಿಗೂ ಗೊತ್ತು. ಆದರೆ ಅದರ ಮುಂದಿನದು? ಅದು ಅವಳು ಇಪ್ಪತ್ತೇಳು ವರ್ಷದಲ್ಲಿ ಎಂದೂ ಕೇಳದ ದಾರಿ ಹಿಡಿದಿತ್ತು.

ಅವಳು ಬೀದಿಯ ಮೂಲೆಯ ಬೇಕರಿಯಲ್ಲಿ ಕೆಲಸಕ್ಕಿದ್ದಳು. ಸೆಪ್ಟೆಂಬರ್ ಒಂದನೇ ತಾರೀಖು ಒಲೆ ಕಾಯುವ ಮೊದಲೇ ಅಲ್ಲಿ ಕ್ರಿಸ್ಮಸ್ ಹಾಡು ಶುರುವಾಗುತ್ತಿತ್ತು. ಅದಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ, ಆ ನಾಡಿನಲ್ಲಿ ಕ್ರಿಸ್ಮಸ್ ಸೆಪ್ಟೆಂಬರಿಗೇ ಶುರು, ಇಡೀ ಊರೇ ಹಾಗೆ. ಆದರೆ ದಿವಿನಾ ಏಪ್ರಿಲ್ಲಿನ ಉರಿಬಿಸಿಲಲ್ಲೂ ಹಾಕುತ್ತಿದ್ದಳು. "ಮರಿಯಮ್ಮಂಗೆ ಒಂದೆರಡು ತಿಂಗಳು ರಜೆ ಕೊಡೇ, ಪಾಪ ಈಗಷ್ಟೇ ಹೆತ್ತಿದಾಳೆ," ಎಂದು ಯಜಮಾನಿ ಊಪಿಂಗಕ್ಕ ಬೈಯುತ್ತಿದ್ದಳು. ದಿವಿನಾಳಿಗೆ ಹಿಟ್ಟು ನಾದಲು ಒಂದು ಬಗೆಯ ಹಾಡು, ಅಳಲು ಇನ್ನೊಂದು ಬಗೆಯದು. ಬಾಟಲಿ ಮುಚ್ಚಳಗಳನ್ನು ತಂತಿಗೆ ಪೋಣಿಸಿ ಕುಲುಕುತ್ತ ಮಕ್ಕಳು ಅಪಸ್ವರದಲ್ಲಿ ಕಿರುಚುವ ಹಾಡುಗಳಿಗೆ ಅವಳ ಹತ್ತಿರ ಬೇರೆಯದೇ ಜಾಗವಿತ್ತು. ವರ್ಷವೂ ತನ್ನ ಇಷ್ಟದ ಹಾಡುಗಳ ಪಟ್ಟಿ ಬರೆಯುತ್ತಿದ್ದಳು. ಅದರಲ್ಲಿ ಮೊದಲನೆಯ ಸಾಲು ಅವಳ ಒಂಬತ್ತನೇ ವಯಸ್ಸಿನಿಂದ ಖಾಲಿ. ಅದನ್ನು ತಾನು ಕೇಳಿರದ ಒಂದು ಹಾಡಿಗೆಂದು ಇಟ್ಟಿದ್ದಳು.

ಕ್ರಿಸ್ಮಸ್ಸಿನ ಹಿಂದಿನ ದಿನ ಸಂಜೆ ಬೀದಿಯ ಒಬ್ಬ ಹುಡುಗಿ ಮರಿಯಾ ಆಗುತ್ತಾಳೆ, ಒಬ್ಬ ಜೋಸೆಫ್ ಆಗುತ್ತಾನೆ. ಹಿಂದೆ ಗಿಟಾರುಗಳು, ಅದರ ಹಿಂದೆ ಊರು. ಮಗು ಹುಟ್ಟುವ ಮುನ್ನ ಆ ಇಬ್ಬರು ಅಲೆದಂತೆಯೇ ತಂಗಲು ಜಾಗ ಕೇಳಿ ನಾಲ್ಕು ಮನೆಗಳ ಮುಂದೆ ಹಾಡುತ್ತಾರೆ. ಮೊದಲಿನ ಮೂರು ಮನೆಯವರು ಕಿಟಕಿ ತೆಗೆದು ಹಾಡಿನಲ್ಲೇ 'ಜಾಗವಿಲ್ಲ' ಎನ್ನಬೇಕು. ನಾಲ್ಕನೆಯವರು ಬಾಗಿಲು ತೆಗೆದು ಊಟಕ್ಕೆ ಕರೆಯಬೇಕು. ಬಾಗಿಲು ತಟ್ಟುವ ಮೂರು ಸ್ವರದ ಮುಂದೆ ಒಂದೊಂದು ಮನೆಗೂ ತನ್ನದೇ ರಾಗ, ಅಪ್ಪನಿಂದ ಮಗನಿಗೆ ಬಂದದ್ದು. ಮೊದಲನೆಯ ಮನೆಯದು ಗದರಿಸುವ ರಾಗ, ಮೂರನೆಯದು ಅಣಕಿಸುವುದು. ಎರಡನೇ ಮನೆಯ ಮುಂದೆ ಮಾತ್ರ ಯಾರೂ ನಿಲ್ಲುವುದಿಲ್ಲ. ಗಿಟಾರಿನವರು ತಂತಿಗಳ ಮೇಲೆ ಅಂಗೈ ಇಟ್ಟು ಸದ್ದಡಗಿಸುತ್ತಾರೆ, ಊರು ತಲೆ ತಗ್ಗಿಸಿ ದಾಟಿಹೋಗುತ್ತದೆ. ಒಂಬತ್ತು ವರ್ಷದ ದಿವಿನಾ ಯಾಕೆಂದು ಕೇಳಿದಾಗ ಅಮ್ಮ ಬೆನ್ನಿಗೊಂದು ತಟ್ಟಿ "ನಡಿ" ಎಂದಿದ್ದಳು.

ಆ ಎರಡನೇ ಮನೆ ಎಸ್ಟೆಂಗ್ ಅಜ್ಜನದು.

ಈ ವರ್ಷ ಹಾಡು ಮುನ್ನಡೆಸುವ ಕೆಲಸ ದಿವಿನಾಳಿಗೆ ಬಂದಿತ್ತು. ಹಳಬಳಾದ ಚೋಲೆಂಗಮ್ಮ ತನ್ನ ಸ್ವರಗಳ ಪುಸ್ತಕ ಕೊಟ್ಟಾಗ ದಿವಿನಾ ಮೊದಲು ತಿರುಗಿಸಿದ್ದೇ ಎರಡನೇ ಪುಟ. ಅಲ್ಲಿ ಎರಡು ಎಂಬ ಅಂಕಿ ಇತ್ತು. ಕೆಳಗೆ ಏನೂ ಇರಲಿಲ್ಲ. "ಅದು ಮಾತ್ರ ಕೇಳಕ್ಕೆ ಹೋಗ್ಬೇಡ," ಎಂದಳು ಚೋಲೆಂಗಮ್ಮ. ದಿವಿನಾ ಆರು ವಾರ ಬೀದಿಯನ್ನೆಲ್ಲ ಕೇಳಿದಳು. ಮೀನು ಮಾರುವವಳು ಅಜ್ಜನ ಗಂಟಲಲ್ಲಿ ಮುಳ್ಳು ಸಿಕ್ಕಿದೆ ಎಂದಳು. ಕ್ಷೌರಿಕ, ಆ ಮನೆಯ ನಾಯಿ ಜೋಸೆಫನನ್ನು ಕಚ್ಚಿತ್ತು ಎಂದ. ಯಾವ ನಾಯಿ ಎಂದರೆ ಅವನಿಗೂ ಗೊತ್ತಿರಲಿಲ್ಲ. ಮೊದಲ ತಾಲೀಮು ಬರುವ ಭಾನುವಾರ. ಹಾಡು ಬಲ್ಲವನು ಉಳಿದಿರುವುದು ಒಬ್ಬನೇ, ಅವನು ಸೊಳ್ಳೆಯ ಮೇಲೆ ಹಾಕುತ್ತಿದ್ದಾನೆ.

"ಲೋಲೊ, ನಾನು ಸುತ್ತಿ ಬಳಸಿ ಮಾತಾಡಲ್ಲ," ಎಂದು ಅವಳು ನೆಲಕ್ಕೇ ಕೂತಳು. "ಮೂರು ಸ್ವರ ಇಳಿದು ಆಮೇಲೆ ಮೇಲೆ ಹೋಯ್ತು. ಯಾಕೆ ಮೇಲೆ ಹೋಯ್ತು? ಬೇರೆ ಮನೆಯವ್ರದ್ದೆಲ್ಲ ಕೆಳಗೇ ಹೋಗುತ್ತೆ. 'ಹೋಗಿ' ಅನ್ನೋವ್ರು ಮೇಲೆ ಹೋಗಿ ಏನ್ ಮಾಡ್ತಾರೆ?"

ಅಜ್ಜ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ. "ಅಷ್ಟು ಕೇಳಿಸ್ಕೊಂಡ್ಯಾ ಸೈಕಲ್ ಮೇಲಿಂದ?"

"ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ. ಅದಕ್ಕೇ ಇಲ್ಲೇ ಇದೆ." ಅವನು ಬಿದಿರು ಸೀಳಿಗೆ ಮತ್ತೊಂದು ಗಂಟು ಹಾಕಿದ.

ಪಾಸ್ಯಾ ಅಜ್ಜಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಇವನು ಹೇಳಲ್ಲ. ನಾನು ಹೇಳ್ತೀನಿ. ಈ ಮನೆ ಹಾಡು ನಿಂತ್ಹೋದ ವರ್ಷ ಮರಿಯಾ ನಾನೇ. ನಾನು ಈ ಬೀದಿಗೆ ಬಂದು ಆಗಿನ್ನೂ ವರ್ಷ ತುಂಬಿರ್ಲಿಲ್ಲ."

"ಪಾಸ್ಯಾ," ಎಂದ ಅಜ್ಜ.

"ನೀನು ನಕ್ಷತ್ರ ಕಟ್ಟು. ಕೇಳಮ್ಮ. ಜೋರು ಮಳೆ. ಮರಿಯಾ ಆದೋಳು ಚಪ್ಪಲಿ ಹಾಕೋ ಹಾಗಿರ್ಲಿಲ್ಲ ಆಗ. ಹೊಟ್ಟೆಗೆ ಕಟ್ಟಿದ್ದ ದಿಂಬು ನೆಂದು ಕಲ್ಲಾಗಿತ್ತು. ಇವರಪ್ಪಂಗೆ ಗಂಟ್ಲು ಕಟ್ಟಿತ್ತು ಅಂತ ಅವತ್ತು ಮೊದಲ ಸಲ ಇವನು ಹಾಡ್ಬೇಕಿತ್ತು. ಇಪ್ಪತ್ತೆರಡು ವರ್ಷ, ತಲೆಗೆ ಅರ್ಧ ಡಬ್ಬಿ ಎಣ್ಣೆ. ನಾವು ಜಾಗ ಕೇಳಿ ಹಾಡಿದ್ವಿ. ಕಿಟಕಿ ತೆಗೆದ. ನನ್ನ ನೋಡಿದ. ಬಾಯಿ ತೆಗೆದ."

"ಆಮೇಲೆ?"

"ಬಾಯಿ ಹಾಗೇ ಇತ್ತು. ಬಾಗಿಲು ತೆಗೆದ."

ದಿವಿನಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆ ಬೀದಿಯಲ್ಲಿ ಇನ್ನೊಬ್ಬರ ದೋಣಿ ಮುಳುಗಿಸಿದವನನ್ನೂ ಒಂದು ವರ್ಷಕ್ಕೆ ಮರೆಯುತ್ತಾರೆ. ಎರಡನೇ ಬಾಗಿಲು ತೆಗೆಯುವುದೆಂದರೆ! ಯಾವ ಬಾಗಿಲು ತೆರೆಯಿತೋ ಅಲ್ಲಿಗೆ ಹುಡುಕಾಟ ಮುಗಿಯಿತು. ಅದಕ್ಕೆ ಎರಡನೇ ಮಾತಿಲ್ಲ.

"'ಬನ್ನಿ ಒಳಗೆ' ಅಂದ. ಎಂಬತ್ತು ಜನ ಬಂದ್ರು ಒಳಗೆ. ಒಲೆ ಮೇಲೆ ಇದ್ದದ್ದು ಆರು ಗೆಣಸು." ಅಜ್ಜಿ ಆರು ಬೆರಳು ತೋರಿಸಿದಳು. "ಅತ್ತ ನಾಲ್ಕನೇ ಮನೇಲಿ ಊರಿನ ಮುಖಂಡ ಕಪಿತಾನನ ಹೆಂಡತಿ ಮೂರು ಕೋಳಿ ಹಾಕಿ ಗಂಜಿ ಮಾಡ್ಕೊಂಡು, ರೇಷ್ಮೆ ಉಟ್ಕೊಂಡು, ಸ್ವಾಗತದ ಹಾಡು ಬಾಯಲ್ಲಿಟ್ಕೊಂಡು ಕೂತಿದ್ದಾಳೆ. ಯಾರೂ ಬರ್ಲಿಲ್ಲ. ಹನ್ನೊಂದು ವರ್ಷ ಅವರ ಮನೆ ನಾಯಿನೂ ನಮ್ಮ ಕಡೆ ನೋಡ್ಲಿಲ್ಲ. ಇನ್ನು ಈ ಬಾಗಿಲ ಮುಂದೆ ನಿಲ್ಲಬಾರ್ದು ಅಂತ ತೀರ್ಮಾನ ಆಯ್ತು."

"ಮತ್ತೆ ನೀವು?"

"ನಾನು ಒಳಗೆ ಬಂದೆನಲ್ಲ. ಇನ್ನೂ ಇಲ್ಲೇ ಇದೀನಿ. ಗೆಣಸೂ ಸಿಗ್ಲಿಲ್ಲ ಆವತ್ತು."

ಅಜ್ಜ ಹಲ್ಲಿನಿಂದ ದಾರ ಕಚ್ಚಿ ಹರಿದ. ನಗುತ್ತಿದ್ದಾನೋ ಇಲ್ಲವೋ ತಿಳಿಯಲಿಲ್ಲ.

ದಿವಿನಾ ಮುಂದೆ ಸರಿದು ಕೂತಳು. "ಲೋಲೊ, ಈಗ ನಾಲ್ಕನೇ ಬಾಗಿಲು ತೆಗೆಯೋ ಕಪಿತಾನರ ಮೊಮ್ಮಗಳನ್ನ ನಾನು ಆಗ್ಲೇ ಕೇಳಿದೀನಿ. 'ಏನು ಜಗಳವೋ ನಂಗೊತ್ತಿಲ್ಲ, ಮಾಡಿದೋರೆಲ್ಲ ಸ್ಮಶಾನದಲ್ಲಿದಾರೆ, ಹಾಡ್ಲಿ ಬಿಡು' ಅಂದ್ಲು. ಪಾದ್ರಿಗಳೂ ಹೂಂ ಅಂದ್ರು. ಈ ಡಿಸೆಂಬರ್‌ಗೆ ನಿಮ್ಮ ಬಾಗಿಲು ನಿಮಗೆ ವಾಪಸ್ಸು. ನಾವು ಇಲ್ಲಿ ನಿಂತ್ಕೋತೀವಿ. ನೀವು ಕಿಟಕಿ ತೆಗೆದು ಹಾಡಿದ್ರೆ ಸಾಕು."

ಅಜ್ಜನ ಕೈ ನಿಂತಿತು. "ನಮ್ಮಪ್ಪ ಇದನ್ನ ಕೇಳಿದ್ರೆ..." ಎಂದವನು ದಾರದ ಉಂಡೆ ಕೆಳಗಿಟ್ಟ. "ರಾಗ ಚೆನ್ನಾಗಿದೆ ಮಗಳೇ. ಪದಗಳು ಕೆಟ್ಟವು. 'ನಿನ್ನಂಥೋಳಿಗೆ ನಮ್ಮ ಕೊಟ್ಟಿಗೆಯಲ್ಲೂ ಜಾಗ ಇಲ್ಲ' ಅಂತ ಬರುತ್ತೆ. ರಾಗ ಮೇಲೆ ಹೋಗೋದು ಆ ಮಾತಿಗೇ."

ದಿವಿನಾಳಿಗೆ ಮೈ ಜುಂ ಎಂದಿತು. ಇಡೀ ಬೀದಿಯ ಅತಿ ಕಟುವಾದ ಮಾತಿಗೆ ಅತಿ ಮೆತ್ತಗಿನ ರಾಗ! ಹೀಗೆ ಕಟ್ಟಿದವರು ಯಾರು? ಯಾಕೆ? ಮೇಲೆ ಹೋದದ್ದು ಇಳಿಯುವುದು ಹೇಗೆ? ಒಂಬತ್ತನೇ ವಯಸ್ಸಿನಿಂದ ಖಾಲಿಯಿದ್ದ ಸಾಲು ಈಗ ಹಸಿವಿನ ಹಾಗೆ ಹೊಟ್ಟೆಯಲ್ಲಿ ಕೂತಿತು.

"ಪದ ಬೇಡ. ರಾಗ ಒಂದೇ ಹಾಡಿ."

"ರಾಗ ಒಂದೇ ಬರಲ್ಲ. ಪದ ಜೊತೆಗೇ ಬಾಯಿಗೆ ಬಂದ್ಬಿಡುತ್ತೆ."

"ನಾನು ಕೇಳಿಲ್ಲ," ಎಂದಳು ಪಾಸ್ಯಾ ಅಜ್ಜಿ ಇದ್ದಕ್ಕಿದ್ದಂತೆ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ಐವತ್ತೊಂದು ವರ್ಷ ಆಯ್ತು. ಈ ಮನುಷ್ಯ ಬಲೆಗೆ ಹಾಡ್ತಾನೆ, ಹಂದಿಗೆ ಹಾಡ್ತಾನೆ, ನಾನು ಹತ್ತಿರ ಬಂದ್ರೆ ಬಾಯಿ ಮುಚ್ತಾನೆ. ಅವತ್ತು ನನ್ನ ಮುಖಕ್ಕೆ ಹಾಡ್ಬೇಕಿದ್ದ ಹಾಡು ಅದು. ನನ್ನ ಹಾಡು. ಏನಂತ ಬೈತಿದ್ದ ಅಂತ ನಂಗೂ ಗೊತ್ತಾಗ್ಲಿ."

ಅಷ್ಟು ಹೇಳಿ ಅವಳು ಚಪ್ಪಲಿ ಬಿಟ್ಟಳು. ಹೆಗಲ ಮೇಲಿನ ಟವೆಲನ್ನು ತಲೆಗೆ ಹೊದ್ದಳು. ಬೆಳಿಗ್ಗೆಯ ಮಳೆಗೆ ಅಂಗಳದ ನಡುವೆ ನೀರು ನಿಂತಿತ್ತು. ನೋಡಿಕೊಂಡೇ ಹೋಗಿ ಅದರೊಳಗೆ ನಿಂತಳು. ದಿವಿನಾ ಮೊಬೈಲಿನ ರೆಕಾರ್ಡಿಂಗ್ ಒತ್ತಿ ಉಸಿರು ಬಿಗಿಹಿಡಿದಳು.

"ದೂರದಿಂದ ನಡೆದು ಬಂದೆವು, ಒಂದಿರುಳಿಗೆ ಜಾಗ ಕೊಡಿ," ಎಂದು ಪಾಸ್ಯಾ ಅಜ್ಜಿ ಹಾಡಿದಳು. ದನಿ ಒಡೆದಿತ್ತು, ಸ್ವರ ತಪ್ಪಲಿಲ್ಲ.

ಎಸ್ಟೆಂಗ್ ಅಜ್ಜ ನಕ್ಷತ್ರವನ್ನು ಪಕ್ಕಕ್ಕಿಟ್ಟು ಎದ್ದ. ಮೊಣಕಾಲು ಹಿಡಿದುಕೊಂಡು ಮೂರು ಮೆಟ್ಟಿಲು ಹತ್ತಿ ಒಳಗೆ ಹೋದ. ಒಳಗೆ ಏನೋ ಸರಿಸಿದ ಸದ್ದಾಯಿತು. ಕಿಟಕಿ ತೆರೆಯಿತು. ಅವನು ಕೂದಲನ್ನು ಅಂಗೈಯಿಂದ ಒತ್ತಿ ಬಾಚಿಕೊಂಡಿದ್ದ.

ಬಾಗಿಲು ತಟ್ಟುವ ಮೂರು ಸ್ವರ ಹಾಡಿದ. ಗಂಟಲು ತಿಳಿಯಾಗಿತ್ತು. ದಿವಿನಾ ಕಣ್ಣು ಮುಚ್ಚಿ ನಾಲ್ಕನೆಯದಕ್ಕೆ ಕಾದಳು. ಕೋಳಿ ಕುಕ್ಕಿದ ಸದ್ದು ಕೇಳಿಸಿತು. ಬೇಕರಿಯಿಂದ ಯಾವುದೋ ಹಾಡಿನ ಗಂಟೆಗಳು ತೇಲಿ ಬಂದವು. ಕಣ್ಣು ತೆರೆದಳು. ಅಜ್ಜ ಬಾಯಿ ತೆರೆದುಕೊಂಡು ಕೆಸರು ನೀರಿನಲ್ಲಿದ್ದ ಹೆಂಡತಿಯ ಪಾದಗಳನ್ನು ನೋಡುತ್ತಿದ್ದ.

"ಹಾಡು," ಎಂದಳು ಪಾಸ್ಯಾ.

"ಲೋಲೊ, ಒಂದೇ ಸಲ," ಎಂದಳು ದಿವಿನಾ. "ಡಿಸೆಂಬರ್‌ಗೆ ಇಡೀ ಬೀದಿ ನಿಮಗೋಸ್ಕರ ನಿಂತ್ಕೊಳ್ಳುತ್ತೆ."

"ಹಾಡಲ್ಲ," ಎಂದ ಅಜ್ಜ. "ಇವತ್ತೂ ಇಲ್ಲ, ಡಿಸೆಂಬರ್‌ಗೂ ಇಲ್ಲ. ಪಾಸ್ಯಾ, ಕಾಲು ಒರೆಸ್ಕೊಂಡು ಒಳಗೆ ಬಾ."