ಆರಿಸಿ ತಂದ ಕಲ್ಲು

ಪ್ರಯೋಗಶಾಲೆಯ ಯಂತ್ರದ ಎರಡು ಉಕ್ಕಿನ ತಟ್ಟೆಗಳ ನಡುವೆ ಸಿಕ್ಕಿದ, ಗಣಿಯಿಂದ ಕೊರೆದು ತೆಗೆದ ಕಲ್ಲಿನ ಉರುಳೆ ಚಿಟಿಚಿಟಿ ಎನ್ನತೊಡಗಿದಾಗ ಅವಳು ಕಿವಿಗೊಟ್ಟಳು. ಇಂಥ ಕಲ್ಲು ಬಾಗುವುದಿಲ್ಲ, ಮಣಿಯುವುದಿಲ್ಲ. ಕೊನೇ ಗಳಿಗೆವರೆಗೂ ತನಗೇನೂ ಆಗಿಲ್ಲವೆಂಬಂತೆ ನಿಂತಿದ್ದು ಒಮ್ಮೆಲೇ ಸಿಡಿಯುತ್ತದೆ. ಒಳಗಿನ ಸಣ್ಣ ಬಿರುಕುಗಳ ಸದ್ದು ಕೇಳಿ, ಎಷ್ಟು ಭಾರಕ್ಕೆ ಒಡೆಯುತ್ತದೆಂದು ಮುಂಚೆಯೇ ಹೇಳುವುದು ಅವಳ ಕೆಲಸ. ಸದ್ದು ದಟ್ಟವಾಯಿತು, ಆಮೇಲೆ ಢಮಾರ್. ಅವಳು ಹೇಳಿದ್ದ ಭಾರಕ್ಕೇ ಒಡೆದಿತ್ತು.

"ನೋಡು, ನಿನ್ನ ಮರ್ಯಾದೆ ಉಳಿಸ್ತು," ಎಂದ ಅಣ್ಣ. ಅವನು ಗಣಿಯಲ್ಲಿ ಮೇಸ್ತ್ರಿ. ಹೊಸ ಉರುಳೆಗಳ ಪೆಟ್ಟಿಗೆ ಕೊಟ್ಟುಹೋಗಲು ಬಂದವನು ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ. ಗಣಿಯ ಚಾವಣಿಯನ್ನು ಹೊತ್ತ ಕಲ್ಲುಕಂಬಗಳನ್ನು ಇನ್ನಷ್ಟು ಕೆತ್ತಿ ತೆಳುಮಾಡಬಹುದೆಂದು ಹೋದ ವಾರ ಬರೆದುಕೊಟ್ಟವಳು ಇವಳೇ. ಇವತ್ತು ಕೆತ್ತನೆ ಶುರು. ಅವನ ತಂಡ ಆಗಲೇ ಕೆಳಗಿಳಿದಿತ್ತು.

ಅವಳು ಪೆಟ್ಟಿಗೆ ತೆರೆದಳು. ಒಂದೊಂದು ಉರುಳೆಯೂ ನುಣ್ಣಗೆ, ಹೆಸರಿಗೂ ಒಂದು ಗೀರಿಲ್ಲ. ಇಷ್ಟು ದಿನ ಕಣ್ಣಿಗೆ ಬೀಳದ್ದು ಈಗ ಬಿತ್ತು. ಎಲ್ಲವೂ ಇಷ್ಟು ಚೆನ್ನಾಗಿ ಹೇಗೆ ಬರುತ್ತವೆ ಎಂದು ಕೇಳಿದಳು.

"ತಾವಾಗೇ ಬರ್ತಾವಾ? ನಿನಗೆ ಅಂತ ಆರಿಸಿ ತರ್ತೀನಿ ಕಣೇ. ಕೊರೆಯುವಾಗಲೇ ಮುರಿದಿದ್ದನ್ನೆಲ್ಲ ಅಲ್ಲೇ ಎಸೀತೀನಿ. ತಂದಿದ್ದಕ್ಕಿಂತ ಎಸೆದಿದ್ದೇ ಜಾಸ್ತಿ."

ಚಿಕ್ಕಂದಿನಿಂದಲೂ ಅವನ ಚಾಳಿ ಇದೇ. ಮುರಿದ ಬಿಸ್ಕತ್ತು ತನಗೆ, ಇಡಿಯಾದದ್ದು ತಂಗಿಗೆ. ಅವಳು ಪೆಟ್ಟಿಗೆ ಮುಚ್ಚಿದಳು. ಗಟ್ಟಿ ಕಲ್ಲನ್ನಷ್ಟೇ ಒಡೆದು ನೋಡಿ ಇಡೀ ಗಣಿಯೇ ಗಟ್ಟಿ ಎಂದುಬಿಟ್ಟಿದ್ದಳು! ಬೇರೆ ಯಾರಾದರೂ ತಂದಿದ್ದರೆ ನೂರು ಪ್ರಶ್ನೆ ಕೇಳುತ್ತಿದ್ದಳು. ಅಣ್ಣ ತಂದದ್ದೆಂದು ಒಂದನ್ನೂ ಕೇಳಿರಲಿಲ್ಲ.

ವಿಷಯ ಬಿಡಿಸಿ ಹೇಳುತ್ತಿದ್ದಂತೆ ಅಣ್ಣನ ನಗು ಇಳಿದುಹೋಯಿತು. ಅವಳು ಮ್ಯಾನೇಜರಿಗೆ ಫೋನು ಮಾಡಿದಳು. ಅಂದು ಗಟ್ಟಿ ಎಂದವರೂ ನೀವೇ, ಇಂದು ಅಲ್ಲ ಎನ್ನುವವರೂ ನೀವೇ ಎಂದು ಅವರು ಸಿಡುಕಿದರು. ಹೋಗಲಿ, ಯಾವಾಗ ಕುಸಿಯುತ್ತದೆ ಅದನ್ನಾದರೂ ಹೇಳಿ ಎಂದರು.

"ಗೊತ್ತಿಲ್ಲ ಸಾರ್," ಎಂದಳು. ಈ ಕೆಲಸಕ್ಕೆ ಸೇರಿದ ಮೇಲೆ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. "ಅದಕ್ಕೇ ಎಲ್ಲರನ್ನೂ ಮೇಲೆ ಕರೆಸಿ."

ಮ್ಯಾನೇಜರು ಒಪ್ಪಿದರು. ಆದರೆ ಕೆತ್ತುವ ಗದ್ದಲದಲ್ಲಿ ಕೆಳಗಿನ ಫೋನು ಯಾರಿಗೂ ಕೇಳಿಸದು. ಯಾರಾದರೂ ಇಳಿದು ಕರೆತರಬೇಕು. ಅಣ್ಣ ಹೆಲ್ಮೆಟ್ಟು ಹಾಕಿಕೊಂಡ. ಅವಳು ಅವನ ತೋಳು ಹಿಡಿದಳು.

"ಅವರನ್ನ ಇಳಿಸಿದವನು ನಾನು ತಾನೇ," ಎಂದು ಕೈ ಬಿಡಿಸಿಕೊಂಡು ಹೊರಟೇಹೋದ.

ಅವಳು ಗಣಿಯ ಬಾಯಿಗೆ ಬಂದು ನಿಂತಳು. ಮೊದಲ ಲಿಫ್ಟು ಬಂತು. ಗೊಣಗುತ್ತ ಇಳಿದವರ ಮುಖಗಳನ್ನೆಲ್ಲ ನೋಡಿದಳು, ಅಣ್ಣ ಇರಲಿಲ್ಲ. ಎರಡನೆಯದು ಬಂತು, ಅದರಲ್ಲೂ ಇಲ್ಲ. ಲಿಫ್ಟಿನ ಹಗ್ಗ ಬಹಳ ಹೊತ್ತು ಅಲುಗಲೇ ಇಲ್ಲ. ದೇವರೇ, ಅವನೊಬ್ಬ ಬರಲಿ ಎಂದು ನಾಚಿಕೆಯಿಲ್ಲದೆ ಬೇಡಿಕೊಂಡಳು.

ಎಲ್ಲರನ್ನೂ ಮೇಲೆ ಕಳಿಸಿ ಕೊನೆಗೆ ಅಣ್ಣ ಒಬ್ಬನೇ ಬಂದ, ಮುಖವೆಲ್ಲ ಧೂಳು.

"ಕೆತ್ತೋದು ನಿಲ್ಲಿಸಿದ ಮೇಲೂ ಕಂಬ ಚಿಟಿಚಿಟಿ ಅಂತಾನೇ ಇತ್ತು," ಎಂದ. ಆಮೇಲೆ ಜೇಬಿಗೆ ಕೈಹಾಕಿ ಒಂದು ಮುರುಕು ಉರುಳೆ ತೆಗೆದು ಅವಳ ಅಂಗೈಯಲ್ಲಿಟ್ಟ. "ತಗೋ. ಇದನ್ನ ಎಸೀಲಿಲ್ಲ."

ಕೂದಲೆಳೆಯಂಥ ಗೆರೆಗಳಿಂದ ಪುಡಿ ಉದುರುತ್ತಿತ್ತು. ಪ್ರಯೋಗಶಾಲೆ ಮುಟ್ಟುವವರೆಗೂ ಅವಳು ಅಂಗೈ ಮುಚ್ಚಲಿಲ್ಲ.