ಐದು ನಿಮಿಷದ ಗಡಿಯಾರ

ಪಂಡಿತರು ಎಂದಿನಂತೆ ಕೈ ಚಾಚಿದರು. ಸಂಪಾದಕಿಯ ತಮ್ಮ ಕಾರ್ಡು ಕೊಡಲಿಲ್ಲ.

"ಇವತ್ತು ನಾನೇ ಓದ್ತೀನಿ" ಎಂದ. ಆ ಮೂರು ಪದ ಹೊರಬರುವಷ್ಟರಲ್ಲಿ ಪಂಡಿತರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಿದ್ದರು. ಅವನಿಗೆ ಚಿಕ್ಕಂದಿನಿಂದಲೂ ಉಗ್ಗು.

ನಿಘಂಟಿನ ಕಚೇರಿ ಎಂದರೆ ಒಂದು ಉದ್ದನೆಯ ಮೇಜು, ಗೋಡೆ ತುಂಬ ಮರದ ಡ್ರಾಯರುಗಳು, ಡ್ರಾಯರುಗಳ ತುಂಬ ಕಾರ್ಡುಗಳು. ಒಂದು ಪದಕ್ಕೆ ಒಂದು ಕಾರ್ಡು. ಅದರಲ್ಲಿ ಪದದ ಅರ್ಥ, ಅರ್ಥಕ್ಕೊಂದು ವಾಕ್ಯ, ಆ ವಾಕ್ಯವನ್ನು ಯಾರ ಬಾಯಲ್ಲಿ ಕೇಳಿದ್ದು ಎಂಬ ವಿವರ ಇರಬೇಕು. ಪ್ರತಿ ಸೋಮವಾರ ಕಚೇರಿಯ ನಾಲ್ವರೂ ಕೂತು ಕಾರ್ಡುಗಳನ್ನು ಗಟ್ಟಿಯಾಗಿ ಓದುತ್ತಾರೆ. ಒಂದೊಂದಕ್ಕೆ ಐದೇ ನಿಮಿಷ. ಮೇಜಿನ ನಡುವೆ ಮೊಟ್ಟೆ ಬೇಯಿಸುವವರು ಇಟ್ಟುಕೊಳ್ಳುವಂಥ ತಿರುಗಿಸುವ ಗಡಿಯಾರವಿದೆ. ಅದು ಟ್ರಿಂಗ್ ಎಂದಿತೋ, ಬಾಯಿ ಮುಚ್ಚಬೇಕು. ಅಷ್ಟರಲ್ಲಿ ಓದಿ ಮುಗಿಯದ ಅರ್ಥ ಪುಸ್ತಕಕ್ಕೆ ಹೋಗುವುದಿಲ್ಲ.

ಈ ನಿಯಮ ಮಾಡಿದವಳು ಸಂಪಾದಕಿ. ತಮ್ಮನ ಕಾರ್ಡುಗಳನ್ನು ಪಂಡಿತರು ಓದಲಿ ಎಂದು ಒಂಬತ್ತು ವರ್ಷದ ಹಿಂದೆ ಗೊತ್ತು ಮಾಡಿದವಳೂ ಅವಳೇ. ಪಾಪ, ಅವನಿಗೆ ನಾಲ್ಕು ಜನರ ಎದುರು ತೊಂದರೆಯಾಗಬಾರದಲ್ಲ. ಅವನನ್ನೇ ಒಂದು ಮಾತು ಕೇಳಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ. ತುಂಬ ಪ್ರೀತಿಸುವವರಿಗೆ ಇಂಥದ್ದು ಹೊಳೆಯುವುದು ಕಷ್ಟ. ಪಂಡಿತರೇನೋ ಸೊಗಸಾಗಿ ಓದುತ್ತಿದ್ದರು. ಆದರೆ ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಕ್ಷೌರದಂಗಡಿಯಲ್ಲಿ ಅವನು ಕಿವಿಗೊಟ್ಟು ಹೆಕ್ಕಿ ತಂದ ಮಾತು ಅವರ ಬಾಯಿಗೆ ಬರುವಷ್ಟರಲ್ಲಿ ಸ್ನಾನ ಮಾಡಿ ತಲೆ ಬಾಚಿಕೊಂಡುಬಿಡುತ್ತಿತ್ತು. ಹೋದ ವಾರವಷ್ಟೇ ಹೀಗೆ ಒಂದು ಒಳ್ಳೆಯ ಬೈಗುಳ ಹಾಳಾಗಿತ್ತು. ಅವತ್ತೇ ಅವನು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ಸಂಪಾದಕಿ ಪಂಡಿತರ ಮುಖ ನೋಡಿದಳು. ಮಧ್ಯಾಹ್ನ ಮುದ್ರಣದವರು ಬಂದು 'ಸ' ಅಕ್ಷರದ ಕಟ್ಟು ಒಯ್ಯುವವರಿದ್ದರು. ಇನ್ನೂ ಇಪ್ಪತ್ತು ಕಾರ್ಡು ಬಾಕಿ. ಬೇಡವೆನ್ನಲು ಬಾಯಿ ಬರದೆ ಗಡಿಯಾರ ತಿರುಗಿಸಿದಳು.

ಪದ 'ಸೇರಿಸಿಕೊಳ್ಳು'. ಅವನು ಅದಕ್ಕೆ ಮೂರು ಅರ್ಥ ಬರೆದಿದ್ದ. ಮೊದಲನೆಯದು, ಎಣಿಕೆಗೆ ತೆಗೆದುಕೊಳ್ಳು. ಹೇಳಿದವರು, ಎದುರಿನ ಕಟ್ಟಡದ ಲಿಫ್ಟಿನವನು: "ನನ್ನನ್ನೂ ಸೇರಿಸ್ಕೊಂಡ್ರೆ ಏಳು ಜನ ಆಗ್ತೀವಿ, ಒಬ್ರು ಇಳೀರಿ, ನಾನಂತೂ ಇಳಿಯಲ್ಲ." ಅವನ ಒಂದೊಂದು ಮಾತೂ ಬಾಗಿಲ ತನಕ ಬಂದು, ಚಪ್ಪಲಿ ಹುಡುಕುತ್ತ ನಿಂತು, ಆಮೇಲೆ ಹೊರಡುತ್ತಿತ್ತು. ಹೊರಟ ಮೇಲೆ ಮಾತ್ರ ಸಾಕ್ಷಾತ್ ಲಿಫ್ಟಿನವನ ದನಿಯೇ. ಕರಡು ತಿದ್ದುವ ಅತ್ತೆ ಕಿಸಕ್ಕನೆ ನಕ್ಕರು. ಅವರು ಯಾರಿಗೂ ಅತ್ತೆಯಲ್ಲ, ಕಚೇರಿಯಲ್ಲಿ ಎಲ್ಲರೂ ಕರೆಯುವುದು ಹಾಗೆ.

ಎರಡನೆಯದು, ಪ್ರವೇಶ ಕೊಡು. ಹೇಳಿದವರು ಕ್ಷೌರದಂಗಡಿಯವರು. ಅವರ ಮಗುವಿಗೆ ಇನ್ನೂ ಐದು ತುಂಬಿಲ್ಲ, ಅದಕ್ಕೇ ಶಾಲೆಯಲ್ಲಿ...

ಟ್ರಿಂಗ್.

ಸಂಪಾದಕಿಯ ಕೈ ತಾನಾಗಿ ಮುಂದೆ ಹೋಯಿತು. "ಕೊಡು, ಮಿಕ್ಕಿದ್ದು ನಾನು ಓದ್ತೀನಿ."

ಅವನು ಕಾರ್ಡನ್ನು ಎದೆಗೆ ಹಿಡಿದುಕೊಂಡ. ಕಚೇರಿಯಲ್ಲಿ ಅವನು ಅಕ್ಕನನ್ನು ಮೇಡಂ ಎಂದೇ ಕರೆಯುವುದು. ಅದೂ ಅವಳದೇ ನಿಯಮ.

"ಒಂದು ಕೇಳ್ತೀನಿ ಮೇಡಂ. ಐದು ನಿಮಿಷ ಅಂತ ಮಾಡಿದ್ರಲ್ಲ, ಅದು ಯಾರು ಓದೋದನ್ನ ನೋಡಿ ಮಾಡಿದ್ದು?"

ಉತ್ತರ ಕೊಟ್ಟವರು ಪಂಡಿತರು. "ನಾನು ಓದೋದನ್ನ ನೋಡಿ" ಎಂದರು ಮೆಲ್ಲಗೆ. "ಎಲ್ಲಕ್ಕಿಂತ ಉದ್ದದ ಕಾರ್ಡಿಗೆ ನಾಲ್ಕೂಮುಕ್ಕಾಲು ನಿಮಿಷ ಆಯ್ತು. ಕಾಲು ನಿಮಿಷ ನನ್ನ ಕೆಮ್ಮಿಗೆ ಅಂತ ಬಿಟ್ರು."

ಸಂಪಾದಕಿಗೆ ನಾಚಿಕೆಯಾಯಿತು. ಕೆಮ್ಮಿಗೆ ಜಾಗ ಸಿಕ್ಕಿತ್ತು, ತನ್ನ ತಮ್ಮನಿಗೆ ಸಿಕ್ಕಿರಲಿಲ್ಲ. ಎರಡನೆಯದನ್ನು ಮುಗಿಸಿ ಮೂರನೆಯದನ್ನೂ ಓದು ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಸಣ್ಣಗೆ ಬಂತು.

ಅವನೇನೂ ಅವಸರ ಮಾಡಲಿಲ್ಲ. ಶಾಲೆಯ ಮಾತನ್ನು ಪೂರ್ತಿ ಮಾಡಿ, ಒಂದು ಗುಟುಕು ನೀರು ಕುಡಿದ. ಮೂರನೆಯ ಅರ್ಥ, ಒಬ್ಬರಿಲ್ಲದೆ ಕೆಲಸ ಸಾಗದಂತೆ ಅವರನ್ನು ಜೊತೆಗಿಟ್ಟುಕೊಳ್ಳು. ವಾಕ್ಯ: "ಇವನನ್ನೂ ಸೇರಿಸ್ಕೊಂಡೇ ಆಟ. ಇವನು ಹತ್ತು ಅಂದಾಗಲೇ ಹತ್ತು."

"ಯಾರು ಹೇಳಿದ್ದು?" ಎಂದು ಪಂಡಿತರು ಕೇಳಿದರು. ಯಾವ ವಾಕ್ಯಕ್ಕೂ ಅವರು ಕೇಳುವ ಪ್ರಶ್ನೆಯೇ ಅದು.

"ಕಣ್ಣಾಮುಚ್ಚಾಲೆ ಆಡುವಾಗ. ಇವನು ಎಣಿಸೋಷ್ಟರಲ್ಲಿ ಕತ್ತಲಾಗುತ್ತೆ, ಇವನು ಬೇಡ ಅಂದ್ರು ಬೀದಿ ಹುಡುಗರು. ಆಗ ಎಂಟು ವರ್ಷದ ಒಬ್ಬ ಹುಡುಗಿ ಹೇಳಿದ್ದು." ಅವನು ಕಾರ್ಡಿನಿಂದ ತಲೆಯೆತ್ತಿದ. ಮುಂದಿನ ಪದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. "ಅಕ್ಕ."

ಅವಳಿಗೆ ಆ ಮಾತು ನೆನಪಿರಲಿಲ್ಲ. ನೆನಪಿದ್ದದ್ದು ಗೋಡೆ. ಸುಣ್ಣ ಉದುರಿದ ಗೋಡೆಗೆ ಹಣೆಯಿಟ್ಟು ನಿಂತ ಪುಟ್ಟ ತಮ್ಮ, ಏಳರ ಹತ್ತಿರ ಸಿಕ್ಕಿಕೊಂಡ ಎಣಿಕೆ, ಮರೆಯಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದ ಇಡೀ ಬೀದಿಯ ಮಕ್ಕಳು. ಒಬ್ಬರೂ ಹೊರಗೆ ಬಂದಿರಲಿಲ್ಲ.

ಅತ್ತೆ ಒಪ್ಪಿಗೆ ಎಂದರು. ಪಂಡಿತರು, ಒಂದಕ್ಷರವನ್ನೂ ತಿದ್ದದೆ, ಒಪ್ಪಿಗೆ ಎಂದರು. ಸಂಪಾದಕಿ ಕಾರ್ಡು ಎಳೆದುಕೊಂಡು ರುಜು ಹಾಕಿದಳು. ಕಣ್ಣು ಮಂಜಾಗಿ ಅದು ಗೆರೆಯಿಂದಾಚೆ ಹೋಯಿತು.

ಅವನ ಮುಂದಿನ ಕಾರ್ಡು 'ಸೊಕ್ಕು'. ಪಂಡಿತರ ಕೈ ಅಭ್ಯಾಸದಂತೆ ಅರ್ಧ ದಾರಿ ಬಂದು, ಚಹಾದ ಲೋಟ ಹಿಡಿದುಕೊಂಡು ಹಿಂದೆ ಹೋಯಿತು. ಗಡಿಯಾರದ ಮುಳ್ಳು ಸೊನ್ನೆಯ ಮೇಲೆ ನಿಂತಿತ್ತು, ಸಂಪಾದಕಿ ಅದನ್ನು ತಿರುಗಿಸಲು ಹೋಗಲಿಲ್ಲ. ಅವನು ಮೊದಲ ಅಕ್ಷರಕ್ಕೆ ಉಸಿರೆಳೆದುಕೊಂಡ. ಮೂವರೂ ಕಾದರು.